ಮಂಗಳವಾರದ ಊಟ

ನಮ್ಮ ಮನೆ ಫ್ರಿಜ್ ಬಾಗಿಲ ಮೇಲೆ ಎರಡು ವರ್ಷ ಒಂದು ಕಾಗದ ಅಂಟಿಕೊಂಡಿತ್ತು. ನನಗೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾದ ದಿನ ಇಲ್ಲಿನ ಒಂದು ಕ್ಲಿನಿಕ್‌ನಲ್ಲಿ ಕೊಟ್ಟಿದ್ದು. ಎಡಗಡೆ ತಿನ್ನಬಾರದ್ದು, ಬಲಗಡೆ ತಿನ್ನಬೇಕಾದ್ದು. ಬಲಗಡೆ ಕಿನೋವಾ ಅನ್ನೋ ಧಾನ್ಯ, ಸಾಲ್ಮನ್ ಮೀನು, ಬ್ಲೂಬೆರಿ, ಗ್ರೀಕ್ ಮೊಸರು. ಎಡಗಡೆ ಪಟ್ಟಿಯ ಕೊನೆಗೆ ಒಂದು ಸಾಲು: ನಿಮ್ಮ ಸಾಂಪ್ರದಾಯಿಕ ಊಟ ಕಡಿಮೆ ಮಾಡಿ. ಯಾವ ಸಾಂಪ್ರದಾಯಿಕ ಊಟ ಅಂತ ಕೇಳೋಣ ಅಂದ್ರೆ ಅಷ್ಟರಲ್ಲಿ ಮುಂದಿನವರ ಹೆಸರು ಕೂಗಿಯಾಗಿತ್ತು. ನಾನು ನಾಗಮಂಗಲದ ಕಡೆಯವನು. ನಾಲೆ ನೀರು ಬರದ ಒಣ ಹೊಲದ ಊರು. ನನ್ನ ಸಾಂಪ್ರದಾಯಿಕ ಊಟ ಅಂದ್ರೆ ರಾಗಿ ಮುದ್ದೆ, ಸೊಪ್ಪಿನ ಸಾರು. ಅದನ್ನ ಕಡಿಮೆ ಮಾಡಿ ಇಪ್ಪತ್ತು ವರ್ಷವೇ ಆಗಿತ್ತು!

ನಾವಿರೋದು ಅಟ್ಲಾಂಟಾ ಪಕ್ಕದ ಒಂದು ಸಣ್ಣ ಊರಿನಲ್ಲಿ. ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ಆಫ್ರಿಕನ್ ಅಮೆರಿಕನ್, ವಯಸ್ಸು ಎಪ್ಪತ್ತೆಂಟು. ಇಲ್ಲಿ ದಕ್ಷಿಣದ ಕಡೆ ಹಿರಿಯರನ್ನ ಬರೀ ಹೆಸರು ಹಿಡಿದು ಕೂಗೋ ಹಾಗಿಲ್ಲ. ಹೆಸರಿಗೆ ಮೊದಲು 'ಮಿಸ್' ಸೇರಿಸಬೇಕು, ನಾವು ಅಕ್ಕ, ಅಮ್ಮ ಸೇರಿಸ್ತೀವಲ್ಲ ಹಾಗೆ. ಐವತ್ತು ದಾಟಿದ ನನ್ನನ್ನ ಅವರು 'ಬೇಬಿ' ಅಂತಾರೆ. ಮೊದಮೊದಲು ಮುಜುಗರ ಆಗ್ತಿತ್ತು. ಈಗ ಯಾವತ್ತಾದರೂ ಹಾಗೆ ಕರೆಯದಿದ್ದರೆ ಏನೋ ಬೇಜಾರಾಗಿದ್ದಾರೆ ಅಂತ ಗಾಬರಿ ಆಗುತ್ತೆ.

ಒಂದು ದಿನ ಅವರ ಅಡುಗೆಮನೆಗೆ ಬಲ್ಬ್ ಹಾಕಿಕೊಡಲು ಹೋಗಿದ್ದೆ. ಅವರ ಫ್ರಿಜ್ ಮೇಲೂ ಅದೇ ಕಾಗದ! ಅದೇ ಅಕ್ಷರ, ಅದೇ ಕಿನೋವಾ, ಅದೇ ಕೊನೇ ಸಾಲು. ಮಂಡ್ಯ ಜಿಲ್ಲೆಯ ನನಗೂ ಜಾರ್ಜಿಯಾದ ಹತ್ತಿ ಹೊಲಗಳ ನಡುವೆ ಹುಟ್ಟಿದ ಅವರಿಗೂ ಒಂದೇ ಜೆರಾಕ್ಸ್. ಇಬ್ಬರೂ ಎಷ್ಟು ನಕ್ಕೆವು ಅಂದ್ರೆ ಸ್ಟೂಲ್ ಮೇಲಿಂದ ನಾನು ಬೀಳಬೇಕಿತ್ತು. "ನಮ್ಮಮ್ಮ ತೊಂಬತ್ತೊಂದು ವರ್ಷ ಬದುಕಿದ್ಲು ಬೇಬಿ, ಕಿನೋವಾ ಅನ್ನೋ ಹೆಸರೇ ಕೇಳಿರಲಿಲ್ಲ" ಅಂದರು. ಆಮೇಲೆ, ಮಂಗಳವಾರ ಸಂಜೆ ನಮ್ಮ ಚರ್ಚಿನಲ್ಲಿ ಅಡುಗೆ ಕ್ಲಾಸ್ ಇದೆ, ಬರ್ತೀಯಾ ಅಂತ ಕೇಳಿದರು. ಆರು ವಾರ. ಆಫ್ರಿಕಾ ಮೂಲದ ಅಡುಗೆ, ಆರೋಗ್ಯದ ಊಟ. ನನಗೇನು ಕೆಲಸ ಅಲ್ಲಿ ಅಂದುಕೊಂಡೇ ಹೋದೆ.

ಇಪ್ಪತ್ತು ಜನ ಇದ್ದೆವು. ಕಂದು ಬಣ್ಣದವನು ನಾನೊಬ್ಬನೇ. ಪಾಠ ಮಾಡುವವರು ನಿವೃತ್ತ ನರ್ಸ್. ಗೋಡೆ ಮೇಲೆ ಒಂದು ಪಿರಮಿಡ್ ಚಿತ್ರ. ಬಾಸ್ಟನ್‌ನ ಓಲ್ಡ್‌ವೇಸ್ ಅನ್ನುವ ಸಂಸ್ಥೆ 2011ರಲ್ಲಿ ಮಾಡಿದ್ದು. ಆಫ್ರಿಕಾ, ಕೆರಿಬಿಯನ್ ದ್ವೀಪಗಳು, ದಕ್ಷಿಣ ಅಮೆರಿಕ, ಅಮೆರಿಕದ ದಕ್ಷಿಣ ರಾಜ್ಯಗಳು, ಈ ನಾಲ್ಕೂ ಕಡೆಯ ಆಫ್ರಿಕನ್ ಮೂಲದ ಜನ ಉಣ್ಣುತ್ತಿದ್ದುದನ್ನ ಒಟ್ಟು ಸೇರಿಸಿ ಬರೆದ ಚಿತ್ರ. ಎಲ್ಲದಕ್ಕಿಂತ ಕೆಳಗೆ, ಬುಡದಲ್ಲಿ ಏನಿತ್ತು ಗೊತ್ತಾ? ಸೊಪ್ಪು. ಬೇರೆ ತರಕಾರಿ ಜೊತೆ ಸೇರಿಸದೆ, ಸೊಪ್ಪಿಗೇ ಒಂದು ಸಾಲು.

ಆ ನರ್ಸಮ್ಮ ಪಥ್ಯ, ಕ್ಯಾಲೊರಿ ಅಂತ ಶುರು ಮಾಡಲಿಲ್ಲ. "ನಿಮ್ಮಜ್ಜಿ ಏನು ಅಡುಗೆ ಮಾಡ್ತಿದ್ರು, ಹೇಳಿ" ಅಂದರು. ಕೈಗಳು ಮೇಲೆದ್ದವು. ಫ್ರೈಡ್ ಚಿಕನ್. ಮೆಕರೋನಿ ಚೀಸ್. ಸಕ್ಕರೆ ಪಾಕದ ಗೆಣಸು. ಪೀಚ್ ಹಣ್ಣಿನ ಸಿಹಿ. ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು, ಮೇಲೆ 'ಭಾನುವಾರ' ಅಂತ ತಲೆಬರಹ ಕೊಟ್ಟರು. ಪಕ್ಕದಲ್ಲಿ ಒಂದು ಗೆರೆ ಎಳೆದು 'ಮಂಗಳವಾರ' ಅಂತ ಬರೆದು ಸುಮ್ನೆ ನಿಂತರು. ಯಾರೂ ಮಾತಾಡಲಿಲ್ಲ. ಕೊನೆಗೆ ಹಿಂದಿನ ಸಾಲಿನ ಒಬ್ಬರು, ಬಸ್ ಓಡಿಸಿ ರಿಟೈರ್ ಆದವರು, "ಕಾಳು" ಅಂದರು. "ಬರೀ ಕಾಳು. ಹಿತ್ತಲಲ್ಲಿ ಏನಿರುತ್ತೋ ಆ ಸೊಪ್ಪು. ಒಂದು ತುಂಡು ಮೆಕ್ಕೆಜೋಳದ ಬ್ರೆಡ್." ಸೋಫಾಗೆ ಬಟ್ಟೆ ಹೊಲಿಯುವ ಹೆಂಗಸೊಬ್ಬರು "ಬೆಂಡೆಕಾಯಿ ಟೊಮೆಟೊ" ಅಂದರು. ಆಮೇಲೆ ನೋಡಿ, ನಿಲ್ಲಲೇ ಇಲ್ಲ. ಗೆಣಸು ಕೆಂಡದಲ್ಲಿ ಸುಟ್ಟಿದ್ದು. ಟರ್ನಿಪ್ ಗಡ್ಡೆಯ ಸೊಪ್ಪು. ಅಲಸಂದೆ. ಕಡಲೆಕಾಯಿ. ಹೊಳೆ ಮೀನು.

ನಾನು ಕೂತಲ್ಲೇ ನನ್ನ ಲೆಕ್ಕ ಹಾಕ್ತಿದ್ದೆ. ಯುಗಾದಿಗೆ ಹೋಳಿಗೆ, ವರ್ಸ್ತೊಡಕಿಗೆ ಬಾಡೂಟ, ಗೌರಿ ಹಬ್ಬಕ್ಕೆ ಕಡುಬು. ಅನ್ನ ಕೂಡ ನಮ್ಮ ಮನೆಯಲ್ಲಿ ನೆಂಟರು ಬಂದಾಗ, ಇಲ್ಲ ಹುಷಾರಿಲ್ಲದಾಗ. ಉಳಿದ ದಿನಗಳೆಲ್ಲ ಮಂಗಳವಾರ. ಮುದ್ದೆ, ಉಪ್ಸಾರು, ಮಸ್ಸೊಪ್ಪು, ಹುರುಳಿ. ದುಡ್ಡು ಬಂದ ಮೇಲೆ ನಾವು ಮಾಡಿದ್ದೇನು? ಮಂಗಳವಾರ ತೆಗೆದುಹಾಕಿದೆವು. ವಾರಕ್ಕೆ ಏಳು ಭಾನುವಾರ ಮಾಡಿಕೊಂಡೆವು. ಅಟ್ಲಾಂಟಾದಲ್ಲೂ ಅದೇ ಆಗಿದೆ. ಇಲ್ಲಿನ ಆಫ್ರಿಕನ್ ಅಮೆರಿಕನ್ನರ ಅಡುಗೆಗೆ 'ಸೋಲ್ ಫುಡ್' ಅಂತಾರೆ. ಹೊರಗಿನವರಿಗೆ ಅದು ಅಂದ್ರೆ ಹೋಟೆಲಿನ ಬೋರ್ಡಿನಲ್ಲಿರುವ ಭಾನುವಾರದ ಪಟ್ಟಿ ಅಷ್ಟೇ. ಅದನ್ನ ನೋಡಿ, ಈ ಜನರ ಊಟವೇ ಕೆಟ್ಟದ್ದು ಅಂತ ಒಂದು ಕಾಗದ ಅಚ್ಚು ಹಾಕಿಸಿಬಿಡ್ತಾರೆ.

ಆ ಮಂಗಳವಾರದ ಪಟ್ಟಿಯ ಹಿಂದೆ ಇರೋದು ಸುಖದ ಕಥೆಯಲ್ಲ. ಗುಲಾಮನಾಗಿ ಹುಟ್ಟಿ ತಪ್ಪಿಸಿಕೊಂಡು ದೊಡ್ಡ ಹೋರಾಟಗಾರರಾದ ಫ್ರೆಡರಿಕ್ ಡಗ್ಲಸ್ 1845ರ ತಮ್ಮ ಆತ್ಮಕಥೆಯಲ್ಲಿ ಮೇರಿಲ್ಯಾಂಡ್‌ನ ಒಂದು ಪ್ಲಾಂಟೇಷನ್ನಿನ ರೇಷನ್ ಎಷ್ಟು ಅಂತ ಬರೆದಿದ್ದಾರೆ. ಒಬ್ಬರಿಗೆ ತಿಂಗಳಿಗೆ 8 ಪೌಂಡ್ ಹಂದಿಮಾಂಸ ಅಥವಾ ಅಷ್ಟೇ ಬೆಲೆಯ ಮೀನು, ಒಂದು ಬುಷೆಲ್, ಅಂದ್ರೆ ಸುಮಾರು 35 ಲೀಟರ್ ಅಳತೆಯ ಮೆಕ್ಕೆಜೋಳದ ಹಿಟ್ಟು. ಬೆಳಗಿನಿಂದ ಕತ್ತಲಾಗುವ ತನಕ ದುಡಿಯುವವರಿಗೆ! ಎಷ್ಟೋ ಕಡೆ ರಾತ್ರಿ ಹೊತ್ತು, ಭಾನುವಾರ, ಗುಡಿಸಲ ಪಕ್ಕದ ಅಂಗೈ ಅಗಲದ ಜಾಗದಲ್ಲಿ ಜನ ಸೊಪ್ಪು, ಅಲಸಂದೆ, ಬೆಂಡೆ ಬೆಳೆದುಕೊಂಡರು. ಬದುಕಿ ಉಳಿದಿದ್ದರಲ್ಲಿ ಆ ಹಿತ್ತಲಿನ ಪಾಲೂ ಇದೆ.

ಇಲ್ಲೊಂದು ಮಾತು ಹೇಳಿಬಿಡಬೇಕು. ಇವರು ಜೀವ ಬಿಡುವ ಕಾಲರ್ಡ್ ಸೊಪ್ಪು ಆಫ್ರಿಕಾದ್ದಲ್ಲ, ಯುರೋಪಿನ ಕಡೆಯದು, ಎಲೆಕೋಸಿನ ನೆಂಟ. ಪಶ್ಚಿಮ ಆಫ್ರಿಕಾದಲ್ಲಿ ಇವರ ಹಿರಿಯರು ದಂಟಿನಂಥ ಸೊಪ್ಪು, ಅಲಸಂದೆ ಎಲೆ ಬೇಯಿಸಿಕೊಳ್ಳುತ್ತಿದ್ದರು. ಇಲ್ಲಿ ಕೈಗೆ ಸುಲಭವಾಗಿ ಸಿಕ್ಕಿದ್ದು ಕಾಲರ್ಡ್. ಗಿಡ ಬೇರೆಯಾದರೂ ಬೇಯಿಸೋ ರೀತಿ ಬದಲಾಗಲಿಲ್ಲ.

ಅಜ್ಜಿ ಮನೆಯಲ್ಲಿ ಸೊಪ್ಪು ಮಾಡೋದು ನೋಡಬೇಕು. ಸಿಂಕ್ ತುಂಬಾ ನೀರು ಬಿಟ್ಟು ಮೂರು ಸಲ ತೊಳೀತಾರೆ. ಪ್ರತಿ ಸಲ ತಳದಲ್ಲಿ ಬೆರಳಾಡಿಸಿ ಮರಳು ಇದೆಯಾ ಅಂತ ನೋಡ್ತಾರೆ. ಆಮೇಲೆ ನಡುವಿನ ದಂಟು ಸೀಳಿ ತೆಗೆದು, ನಾಲ್ಕಾರು ಎಲೆ ಒಂದರ ಮೇಲೊಂದಿಟ್ಟು, ಪತ್ರೊಡೆ ಸುತ್ತೋ ಹಾಗೆ ಬಿಗಿಯಾಗಿ ಸುತ್ತಿ, ಸಣ್ಣಗೆ ಹೆಚ್ಚುತ್ತಾರೆ. ಕಟ್ ಕಟ್ ಕಟ್ ಅಂತ ಕೈ ಓಡುತ್ತೆ, ಕಣ್ಣು ಟೀವಿ ಮೇಲಿರುತ್ತೆ. ಈರುಳ್ಳಿ, ಒಣಮೆಣಸಿನಕಾಯಿ, ಹೊಗೆ ಹಾಕಿದ ಮಾಂಸದ ಮೂಳೆ ಹಾಕಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸ್ತಾರೆ. ಕೊನೆಗೆ ಸೊಪ್ಪು ಬಸಿದಾಗ ಕೆಳಗೆ ಉಳಿಯುವ ಹಸಿರು ನೀರಿದೆಯಲ್ಲ, ಅದಕ್ಕೆ 'ಪಾಟ್ ಲಿಕ್ಕರ್' ಅಂತಾರೆ. ಹೆಸರು ಕೇಳಿ ಹೆದರಬೇಡಿ, ಹೆಂಡ ಅಲ್ಲ. ಅದನ್ನ ಯಾರೂ ಚೆಲ್ಲಲ್ಲ. ಬಟ್ಟಲಿಗೆ ಹಾಕಿ ಮೆಕ್ಕೆಜೋಳದ ಬ್ರೆಡ್ ಅದ್ದಿಕೊಂಡು ತಿಂತಾರೆ, ಮಕ್ಕಳಿಗೆ ಜ್ವರ ಬಂದರೆ ಕುಡಿಸ್ತಾರೆ.

ಮೊದಲ ಸಲ ಒಂದು ಬಟ್ಟಲು ಕೊಟ್ಟಾಗ ಒಂದು ಗುಟುಕಿಗೇ ಗಂಟಲು ಕಟ್ಟಿತು. ನಮ್ಮ ಕಟ್ಟು! ಬಸ್ಸಾರಿಗೆ ಬಸಿದುಕೊಳ್ಳೋ ಕಟ್ಟು. ಉಪ್ಪು ಸ್ವಲ್ಪ ಜಾಸ್ತಿ, ಹೊಗೆ ವಾಸನೆ ಬೇರೆ, ಅಷ್ಟೇ ವ್ಯತ್ಯಾಸ.

ಕ್ಲಾಸಿನಲ್ಲಿ ಸೊಪ್ಪಿನ ದಿನ ಜಗಳವೇ ಆಯ್ತು. ನರ್ಸಮ್ಮ ಬೆಳ್ಳುಳ್ಳಿ, ಈರುಳ್ಳಿ, ಆಲಿವ್ ಎಣ್ಣೆಯಲ್ಲಿ ಐದೇ ನಿಮಿಷ ಬಾಡಿಸಿ ತೋರಿಸಿದರು. ಮೂಳೆ ಇಲ್ಲ, ಉಪ್ಪು ಚಿಟಿಕೆ. ನಮ್ಮ ಅಜ್ಜಿ ಒಂದು ಚಮಚ ಬಾಯಿಗಿಟ್ಟು, "ಇದು ಸೊಪ್ಪಲ್ಲ, ಹುಲ್ಲು" ಅಂದುಬಿಟ್ಟರು. ಎಲ್ಲರೂ ನಕ್ಕರು, ನರ್ಸಮ್ಮ ಕೂಡ. ಕೊನೆಗೆ ಒಂದು ರಾಜಿ ಆಯ್ತು. ಹಂದಿ ಮೂಳೆ ಬದಲು ಹೊಗೆ ಹಾಕಿದ ಟರ್ಕಿ ಕೋಳಿಯ ತುಂಡು, ಉಪ್ಪು ಅರ್ಧ, ಬೇಯೋ ಹೊತ್ತು ಮುಕ್ಕಾಲು ಗಂಟೆ. ನನಗೆ ಕೇಳಿದರೆ ಅಜ್ಜಿ ಹೇಳಿದ್ದೇ ಸರಿ, ಐದು ನಿಮಿಷದ್ದು ಹುಲ್ಲೇ. ಆದರೆ ಬಿಪಿ ಮಾತ್ರೆ ನುಂಗೋರ ಮುಂದೆ ಇದನ್ನ ಹೇಳೋ ಧೈರ್ಯ ನನಗಿಲ್ಲ.

ಕಾಳಿನ ದಿನ ನನಗೆ ಹಬ್ಬ. ಅಲಸಂದೆ ಪಶ್ಚಿಮ ಆಫ್ರಿಕಾದಲ್ಲಿ ಸಾವಿರಾರು ವರ್ಷದಿಂದ ಇರುವ ಕಾಳು. ಹೊಸ ವರ್ಷದ ದಿನ ಇಲ್ಲಿ ಅಲಸಂದೆ ಅನ್ನ, ಸೊಪ್ಪು, ಮೆಕ್ಕೆಜೋಳದ ಬ್ರೆಡ್ ತಿನ್ನಲೇಬೇಕು. ಕಾಳು ಅಂದ್ರೆ ಚಿಲ್ಲರೆ ಕಾಸು, ಸೊಪ್ಪು ಅಂದ್ರೆ ನೋಟು, ಬ್ರೆಡ್ ಅಂದ್ರೆ ಚಿನ್ನ. ಕ್ಲಾಸಿಗೆ ಬರುತ್ತಿದ್ದ ನೈಜೀರಿಯಾದ ಒಬ್ಬ ಹುಡುಗ ಅದೇ ಕಾಳು ನೆನೆಸಿ, ಸಿಪ್ಪೆ ಉಜ್ಜಿ ತೆಗೆದು, ರುಬ್ಬಿ, ಮೆಣಸಿನಕಾಯಿ ಈರುಳ್ಳಿ ಸೇರಿಸಿ ಎರಡು ಥರ ಮಾಡಿ ತೋರಿಸಿದ. ಎಣ್ಣೆಗೆ ಬಿಟ್ಟರೆ ಅಕರಾ, ಹಬೆಯಲ್ಲಿ ಬೇಯಿಸಿದರೆ ಮೊಯ್ ಮೊಯ್. ಅಂದ್ರೆ ವಡೆ ಮತ್ತು ನುಚ್ಚಿನುಂಡೆ! ಅದೇ ಅಕರಾ ಗುಲಾಮರ ಹಡಗಿನ ಜೊತೆ ಬ್ರೆಜಿಲ್‌ಗೆ ಹೋಗಿ, ಬಾಹಿಯಾದ ಬೀದಿಗಳಲ್ಲಿ ಅಕರಜೆ ಆಗಿ ಕೂತಿದೆ.

ಕ್ಲಾಸಿನ ನಡುವೆ ಒಂದು ವಾರ ರಜೆ ಇತ್ತು. ನಾವು ದಕ್ಷಿಣ ಕ್ಯಾರೊಲೈನಾ ರಾಜ್ಯದ ಬಂದರು ಊರು ಚಾರ್ಲ್ಸ್‌ಟನ್‌ಗೆ ಹೋಗಿಬಂದೆವು. ಆಫ್ರಿಕಾದಿಂದ ಹಿಡಿದು ತಂದ ಲಕ್ಷಾಂತರ ಜನರಲ್ಲಿ ದೊಡ್ಡ ಪಾಲು ಈ ದೇಶದ ನೆಲ ಮುಟ್ಟಿದ್ದು ಆ ಊರಿನಲ್ಲಿ. ಅವರನ್ನ ಇಳಿಸುತ್ತಿದ್ದ ಗ್ಯಾಡ್ಸ್‌ಡೆನ್ಸ್ ವಾರ್ಫ್ ಜಾಗದಲ್ಲೇ 2023ರಲ್ಲಿ ಒಂದು ದೊಡ್ಡ ಮ್ಯೂಸಿಯಂ ತೆರೆದಿದ್ದಾರೆ. ನನ್ನನ್ನ ಹಿಡಿದು ನಿಲ್ಲಿಸಿದ್ದು ಮಾತ್ರ ಹೆದ್ದಾರಿ 17ರ ಪಕ್ಕದ ಒಂದು ಮರದ ಗೂಡಂಗಡಿ. ಆ ಕರಾವಳಿಗೆ ತಂದ ಆಫ್ರಿಕಾದ ಗುಲಾಮರ ವಂಶದವರಿಗೆ 'ಗಲ್ಲಾ' ಜನ ಅಂತಾರೆ. ಅವರಲ್ಲಿ ಒಬ್ಬ ಹೆಂಗಸು ಹುಲ್ಲಿನಲ್ಲಿ ಬುಟ್ಟಿ ಹೆಣೆಯುತ್ತಾ ಕೂತಿದ್ದರು. ಅವರ ತಲೆ ಮೇಲೆ ಮೊಳೆಗೆ ತೂಗುಹಾಕಿದ್ದು ಅಗಲವಾದ, ಹೆಚ್ಚು ಆಳವಿಲ್ಲದ, ಅಂಚು ಎದ್ದ ತಟ್ಟೆಯಂಥ ಬುಟ್ಟಿ. "ಇದೇನಕ್ಕೆ?" ಅಂದೆ. ಅವರು ಮಾತಾಡದೆ ಅದನ್ನ ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೊಮ್ಮೆ ಚಿಮ್ಮಿಸಿ, ಮುಂದಕ್ಕೆ ಸ್ವಲ್ಪ ವಾಲಿಸಿ ತೋರಿಸಿದರು. ಅಯ್ಯೋ, ಮೊರ! ಕೇರೋದು! ನಮ್ಮವ್ವ ಜಗಲಿ ಮೇಲೆ ಕೂತು ಕೇರುವಾಗ ಮಣಿಕಟ್ಟು ತಿರುಗುತ್ತಲ್ಲ, ಅದೇ ತಿರುವು.

ಅಕ್ಕಿ ಅಂದ್ರೆ ಏಷ್ಯಾದ್ದು ಅಂದುಕೊಂಡಿದ್ದೆ. ನೈಜರ್ ನದಿ ಬಯಲಿನಲ್ಲಿ ಆಫ್ರಿಕಾದ ಜನ ತಮ್ಮದೇ ಬೇರೆ ಜಾತಿಯ ಭತ್ತವನ್ನ ಪಳಗಿಸಿದ್ದರು. ಸೆನೆಗಲ್‌ನಿಂದ ಸಿಯೆರಾ ಲಿಯೋನ್ ತನಕದ ಕರಾವಳಿಯಲ್ಲಿ ಗದ್ದೆ ಕಟ್ಟೋದು, ನೀರು ತಿರುಗಿಸೋದು ಅವರಿಗೆ ಕರಗತ. ಕ್ಯಾರೊಲೈನಾದ ಜಮೀನ್ದಾರರು ಆ ಕಡೆಯ ಜನರನ್ನೇ ಹೆಚ್ಚು ಬೆಲೆ ಕೊಟ್ಟು ಕೊಂಡರು. ಚಾರ್ಲ್ಸ್‌ಟನ್‌ನ ಅರಮನೆಯಂಥ ಮನೆಗಳೆಲ್ಲ ಆ ಅಕ್ಕಿಯ ದುಡ್ಡು. ಹಳೇ ಪ್ಲಾಂಟೇಷನ್ ಒಂದರಲ್ಲಿ ಮರದ ಒರಳು, ಒನಕೆ ಇಟ್ಟಿದ್ದರು. ಒನಕೆಯ ನಡುವೆ, ಕೈ ಹಿಡಿಯೋ ಜಾಗದಲ್ಲಿ ಮರ ಸವೆದು ಸೊಂಟದ ಹಾಗೆ ಸಣ್ಣಗಾಗಿತ್ತು. ಹೊಸ ಕಾಲದ ಹುಡುಗ ಗೈಡ್ ಏನೇನೋ ಹೇಳ್ತಿದ್ದ. ನಾನು ಆ ಸವೆದ ಜಾಗ ನೋಡ್ತಾ ನಿಂತುಬಿಟ್ಟೆ.

ಬರುವಾಗ ದಾರಿ ಪಕ್ಕದಲ್ಲಿ ಬೇಯಿಸಿದ ಕಡಲೆಕಾಯಿ ಸಿಕ್ಕಿತು. ದೊಡ್ಡ ಹಂಡೆ, ಉಪ್ಪುನೀರು. ಬಸವನಗುಡಿ ಪರಿಷೆ ನೆನಪಾಗದೆ ಇರುತ್ತಾ? ಕಡಲೆಕಾಯಿ ಹುಟ್ಟಿದ್ದು ದಕ್ಷಿಣ ಅಮೆರಿಕದಲ್ಲಿ. ಪೋರ್ಚುಗೀಸರು ಆಫ್ರಿಕಾಗೆ ಒಯ್ದರು, ಅಲ್ಲಿಂದ ಗುಲಾಮರ ಜೊತೆ ಇಲ್ಲಿಗೆ ಬಂತು. ಇಲ್ಲಿನ ಹಳಬರು ಅದಕ್ಕೆ 'ಗೂಬರ್' ಅಂತಾರೆ. ಅದು ಕಾಂಗೋ ಕಡೆಯ 'ನ್‌ಗುಬಾ'. ಬೆಂಡೆಕಾಯಿ ಸಾರಿಗೆ 'ಗಂಬೋ' ಅನ್ನೋ ಹೆಸರೂ ಬೆಂಡೆಕಾಯಿಗೆ ಆ ಕಡೆ ಇರುವ ಮಾತಿನಿಂದಲೇ ಬಂದಿದ್ದು. ಊರು, ಹೆಸರು, ಮಕ್ಕಳನ್ನ ಕೂಡ ಕಿತ್ತುಕೊಂಡರು. ಬೆಂಡೆಕಾಯಿ ಹೆಸರು ಬಾಯಲ್ಲಿ ಉಳಿದುಕೊಂಡಿತು.

ಧಾನ್ಯದ ವಾರ ನಾನೂ ಏನಾದರೂ ಮಾಡಿ ತೋರಿಸಬೇಕು ಅಂತ ನರ್ಸಮ್ಮ ಹಟ ಹಿಡಿದರು. ಮುದ್ದೆ ಮಾಡ್ತೀನಿ ಅಂದೆ. ಹಿಂದಿನ ರಾತ್ರಿ ಅವ್ವನಿಗೆ ಫೋನ್ ಮಾಡಿ ನೀರು ಎಷ್ಟು, ಹಿಟ್ಟು ಎಷ್ಟು ಅಂತ ಕೇಳಿಕೊಂಡೆ. ಆದರೂ ಚರ್ಚಿನ ಅಷ್ಟಗಲದ ಪಾತ್ರೆ, ಕೋಲಿನ ಬದಲು ಮರದ ಸೌಟು. ಗಂಟಾಯ್ತು. ಬೆವರು ಸುರಿಸಿ ತಿರುವುತ್ತಿದ್ದೆ. ಆ ನೈಜೀರಿಯಾ ಹುಡುಗ ಎದ್ದು ಬಂದು ನನ್ನ ಕೈಯಿಂದ ಸೌಟು ತೆಗೆದುಕೊಂಡ, ಪಾತ್ರೆಯನ್ನ ಕಾಲಿನ ನಡುವೆ ನೆಲದ ಮೇಲೆ ಇಟ್ಟುಕೊಂಡು ಅದರ ಒಳಮೈಗೆ ಒತ್ತಿ ಒತ್ತಿ ತಿರುವಿದ. ಎರಡು ನಿಮಿಷದಲ್ಲಿ ಗಂಟೆಲ್ಲ ಮಾಯ! "ನಮ್ಮಲ್ಲಿ ಇದಕ್ಕೆ ಸ್ವಾಲೋ ಅಂತಾರೆ ಅಂಕಲ್" ಅಂದ. ಸ್ವಾಲೋ ಅಂದ್ರೆ ನುಂಗು. ಫುಫು, ಎಬಾ, ತುವೊ, ಎಲ್ಲ ಮುದ್ದೆಗಳಿಗೂ ಅದೇ ಒಂದು ಹೆಸರು. ಅಗಿಯೋ ಹಾಗಿಲ್ಲ, ಬೆಂಡೆಕಾಯಿ ಸಾರಿನಲ್ಲಿ ಅದ್ದಿ ನುಂಗಬೇಕು. ನಾವು ಲೋಳೆ ಹೋಗಲಿ ಅಂತ ಹುಣಸೆ ಹಿಂಡ್ತೀವಿ, ಅವರಿಗೆ ಲೋಳೆಯೇ ಬೇಕು, ಮುದ್ದೆ ಜಾರಲಿ ಅಂತ.

ಅಂದು ರಾಗಿ ಬಗ್ಗೆ ಎರಡು ಮಾತು ಹೇಳಬೇಕಿತ್ತು, ಓದಿಕೊಂಡು ಹೋಗಿದ್ದೆ. ರಾಗಿ ಹುಟ್ಟಿದ್ದು ಇಥಿಯೋಪಿಯಾ, ಉಗಾಂಡಾ ಕಡೆಯ ಎತ್ತರದ ನೆಲದಲ್ಲಿ. ಸಾವಿರಾರು ವರ್ಷದ ಹಿಂದೆಯೇ ಸಮುದ್ರ ದಾಟಿ ನಮ್ಮ ಕಡೆ ಬಂತು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಅಗೆದಾಗ ಹಳೇ ಕಾಲದ ರಾಗಿ ಕಾಳು ಸಿಕ್ಕಿದೆ. ಉಗಾಂಡಾದ ಪಶ್ಚಿಮ ಭಾಗದಲ್ಲಿ ಇವತ್ತಿಗೂ ರಾಗಿ ಮುದ್ದೆ ಇದೆ, ಹೆಸರು 'ಕಾಲೊ'. ಹೆಣೆದ ಪುಟ್ಟ ಬುಟ್ಟಿಯಲ್ಲಿ ಬಡಿಸ್ತಾರೆ. ಜೋಳ, ಸಜ್ಜೆ, ಅಲಸಂದೆ, ಹುಣಸೆ, ಎಲ್ಲ ಅಲ್ಲಿಂದ ಬಂದವೇ. ಅರಬ್ಬರು ಹುಣಸೆಗೆ 'ಹಿಂದೂಸ್ತಾನದ ಖರ್ಜೂರ' ಅಂತ ಹೆಸರಿಟ್ಟಿದ್ದು ಬೇರೆ ಕಥೆ. ಕಾಫಿ ವಿಷಯ ನಿಮಗೆ ಗೊತ್ತೇ ಇದೆ.

ಓದ್ತಾ ಓದ್ತಾ ನನಗೇ ಒಂದು ಏಟು ಬಿತ್ತು. ನಮ್ಮ ತಾತ ಬೆಳೀತಿದ್ದದ್ದು 'ಇಂಡಾಫ್' ರಾಗಿ. ಇಂಡಾಫ್ ಐದು, ಇಂಡಾಫ್ ಒಂಬತ್ತು ಅಂತ ಚಿಕ್ಕಂದಿನಿಂದ ಕೇಳ್ತಾ ಬೆಳೆದವನು ನಾನು. ಯಾವುದೋ ಗೊಬ್ಬರದ ಕಂಪನಿ ಹೆಸರಿರಬೇಕು ಅಂದುಕೊಂಡಿದ್ದೆ. ಇಂಡಾಫ್ ಅಂದ್ರೆ ಇಂಡಿಯಾ ಮತ್ತು ಆಫ್ರಿಕಾ! ನಮ್ಮ ಮಂಡ್ಯದ ವಿ.ಸಿ. ಫಾರಂ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ 'ರಾಗಿ ಲಕ್ಷ್ಮಣಯ್ಯ' ಅಂತಲೇ ಹೆಸರಾದ ವಿಜ್ಞಾನಿ, ನಮ್ಮ ನಾಡಿನ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ ತೆಗೆದ ತಳಿಗಳು ಅವು. ದಪ್ಪ ತೆನೆ, ಜಾಸ್ತಿ ಇಳುವರಿ. ನಾನು ಉಂಡು ಬೆಳೆದ ಮುದ್ದೆಯಲ್ಲಿ ಅರ್ಧ ಆಫ್ರಿಕಾ ಇತ್ತು, ಅದು ಗೊತ್ತಾಗೋಕೆ ಅಟ್ಲಾಂಟಾದ ಚರ್ಚಿಗೆ ಬರಬೇಕಾಯ್ತು.

ಇದನ್ನ ಹೇಳಿದಾಗ ಬಸ್ ಡ್ರೈವರ್ ಕೇಳಿದರು: "ನಿಮ್ಮ ದೇಶಕ್ಕೆ ರಾಗಿ ಮಾತ್ರ ಬಂತೋ, ನಮ್ಮ ಜನವೂ ಬಂದರೋ?" ಸಿದ್ದಿಗಳ ಬಗ್ಗೆ ಹೇಳಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಿನಂಚಿನಲ್ಲಿ ಇದ್ದಾರೆ, ಪೋರ್ಚುಗೀಸರು ಗೋವಾಕ್ಕೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡು ಘಟ್ಟ ಹತ್ತಿದವರ ಮಕ್ಕಳು, ಮೊಮ್ಮಕ್ಕಳು, ಕನ್ನಡ ಮಾತಾಡ್ತಾರೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದು 2003ರಲ್ಲಿ ಅಂತಲೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಏನು ಉಣ್ತಾರೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಯಲ್ಲಾಪುರದ ಮೇಲೆ ಎಷ್ಟು ಸಲ ಬಸ್ಸಿನಲ್ಲಿ ಹೋಗಿದ್ದೀನಿ, ಒಂದು ಸಲವೂ ಇಳಿದಿಲ್ಲ.

ಇದೆಲ್ಲ ಹಳೇದರ ಮೋಹ ಅನ್ನುವವರಿಗೆ ನರ್ಸಮ್ಮ 2015ರಲ್ಲಿ ಪ್ರಕಟವಾದ ಒಂದು ಪ್ರಯೋಗ ಹೇಳ್ತಾರೆ. ಪಿಟ್ಸ್‌ಬರ್ಗ್‌ನ 20 ಆಫ್ರಿಕನ್ ಅಮೆರಿಕನ್ನರು, ದಕ್ಷಿಣ ಆಫ್ರಿಕಾದ ಹಳ್ಳಿಗಳ 20 ಜನ. ಎರಡು ವಾರ ಊಟ ಅದಲು ಬದಲು. ಇಲ್ಲಿನವರ ನಾರಿನಂಶ ದಿನಕ್ಕೆ 14 ಗ್ರಾಂನಿಂದ 55ಕ್ಕೆ ಏರಿತು. ಅಲ್ಲಿನವರದ್ದು 66ರಿಂದ 12ಕ್ಕೆ ಇಳಿಯಿತು. ಎರಡೇ ವಾರಕ್ಕೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ತೋರಿಸುವ ಗುರುತುಗಳು ಇವರಲ್ಲಿ ಇಳಿದವು, ಅವರಲ್ಲಿ ಏರಿದವು. ಜೀನ್ ಕೆಟ್ಟದ್ದು, ಜನಾಂಗವೇ ಹೀಗೆ ಅಂತ ಕೈ ತೊಳೆದುಕೊಳ್ಳೋರಿಗೆ ಇದೊಂದು ಸಾಕು.

ಆದರೆ ಎಲ್ಲರೂ ಮಂಗಳವಾರಕ್ಕೆ ವಾಪಸ್ ಹೋಗೋದು ಹೇಳಿದಷ್ಟು ಸುಲಭ ಅಲ್ಲ. ಕ್ಲಾಸಿಗೆ ಬರ್ತಿದ್ದ ಒಬ್ಬ ತಾಯಿ ಎರಡು ಕೆಲಸ ಮಾಡ್ತಾರೆ. ಅವರ ಬೀದಿಯಲ್ಲಿ ಚಿಪ್ಸ್, ಸೋಡಾ ಸಿಗುತ್ತೆ, ಒಂದು ಕಟ್ಟು ಸೊಪ್ಪಿಗೆ ಎರಡು ಬಸ್ ಬದಲಾಯಿಸಬೇಕು. ಮೂರು ವಾರ ಬಂದರು, ಆಮೇಲೆ ಬರಲಿಲ್ಲ. ಇನ್ನೊಂದು ಕಡೆ, ಬಡವರ ಧಾನ್ಯ ಅಂತ ಮೂಲೆಗೆ ಬಿದ್ದಿದ್ದು 'ಪುರಾತನ ಧಾನ್ಯ' ಅನ್ನೋ ಹೆಸರಲ್ಲಿ ಸಣ್ಣ ಪೊಟ್ಟಣಕ್ಕೆ ದೊಡ್ಡ ಬೆಲೆ ಹಚ್ಚಿಕೊಂಡು ಕೂತಿದೆ. ಇಲ್ಲಿ ಟೆಫ್, ಫೋನಿಯೊ ಅನ್ನೋ ಆಫ್ರಿಕಾದ ಕಿರುಧಾನ್ಯಗಳು. ಬೆಂಗಳೂರಿನ ಮಾಲಿನಲ್ಲಿ ರಾಗಿ ಬಿಸ್ಕತ್ತು, ಮೊದಲ ಸಾಲು ಮೈದಾ, ಎರಡನೇ ಸಾಲು ಸಕ್ಕರೆ. ಬೈಯಬೇಕು ಅನ್ನಿಸುತ್ತೆ. ಆದರೆ ನಾನೂ ಒಂದು ಪ್ಯಾಕೆಟ್ ಕೊಂಡಿದ್ದೀನಿ.

ಹೋದ ತಿಂಗಳು ಅಜ್ಜಿಯನ್ನ ಊಟಕ್ಕೆ ಕರೆದೆ. ಮಂಗಳವಾರವೇ. ಕಾಲರ್ಡ್ ಸೊಪ್ಪು, ಅಲಸಂದೆ ಹಾಕಿ ಉಪ್ಸಾರು, ಮುದ್ದೆ. ಊರಲ್ಲಿ ರಾತ್ರಿಯಾಗಿತ್ತು, ಅವ್ವ ಮಲಗೋ ಮುಂಚೆ ವಿಡಿಯೋ ಕಾಲಿಗೆ ಬಂದಿದ್ದಳು. ನಡುವೆ ನಾನು ದುಭಾಷಿ. ಅಜ್ಜಿ ಮುದ್ದೆಯನ್ನ ಚಮಚದಲ್ಲಿ ಕತ್ತರಿಸೋಕೆ ಹೋದರು. ಫೋನಿನೊಳಗಿಂದ ಅವ್ವ, "ಬೆರಳಲ್ಲಿ ಮುರಿದು ಸಾರಲ್ಲಿ ಅದ್ಕಳ್ಳಕ್ಕೇಳ್ಲಾ" ಅಂದಳು. ಹೇಳಿದೆ. ಅಜ್ಜಿ ಮುರಿದರು, ಅದ್ದಿದರು, ನುಂಗಿದರು. ಕಣ್ಣು ಮುಚ್ಚಿ ಸ್ವಲ್ಪ ಯೋಚನೆ ಮಾಡಿದರು. ಎದ್ದು ಹೋಗಿ ತಮ್ಮ ಕೈಚೀಲದಿಂದ ಒಂದು ಸಣ್ಣ ಹಾಟ್ ಸಾಸ್ ಬಾಟಲಿ ತೆಗೆದು ಸಾರಿನ ಬಟ್ಟಲಿಗೆ ಐದಾರು ಸಲ ಕುಕ್ಕಿದರು.

"ಅದ್ಯಾನ್ಲಾ ಕೆಂಪುಗೆ ಸುರ್ಕತಾವ್ರೆ?" ಅಂದಳು ಅವ್ವ.

"ಕಾರ ಕಣವ್ವ."

"ಅಯ್, ಸುರ್ಕಳ್ಳಿ ಬುಡು. ಕಾರ ಇಲ್ದೆ ಉಪ್ಸಾರು ಉಣ್ಣಕಾಯ್ತದಾ? ನೀನ್ಯಾಕ್ಲಾ ಮಾಡಿಡ್ನಿಲ್ಲ?"